ಸಾವಂತ್ರೆವ್ವ ಕೂತರೆ ಹತ್ತುವ ದೀಪ

ಮೂಡಲಗಿಯ ಬೆಲ್ಲದ ವ್ಯಾಪಾರಿ ಆದಿನಾಥ ಸಾವಕಾರರ ಹತ್ತಿರ ಒಂದು ಪಿಕಪ್ ಗಾಡಿ ಇತ್ತು. ಆ ಗಾಡಿಗೆ ಎರಡು ಮಿಣುಕುದೀಪಗಳಿದ್ದವು. ಗಾಡಿಯ ಮಾಲಕರು ಸಾವಕಾರರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ದೀಪಗಳ ಮಾಲಕ ಮಾತ್ರ ಡ್ರೈವರ್ ಯಲ್ಲಾರಿ. ಇದರಲ್ಲಿ ಯಲ್ಲಾರಿಗಂತೂ ಎಳ್ಳಷ್ಟೂ ಸಂಶಯವಿರಲಿಲ್ಲ.

ಯಲ್ಲಾರಿ ಹುಟ್ಟಿದ್ದು ಚಕ್ಕಡಿ ಹೊಡೆಯುವವರ ಮನೆಯಲ್ಲಿ. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಎರಡು ಎತ್ತುಗಳ ಬೆನ್ನಿನ ನಡುವಿನಿಂದಲೇ ಲೋಕವನ್ನು ನೋಡಿದವರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಸಾವಕಾರರು ಸಾಂಗಲಿಯ ಒಬ್ಬ ಶೇಠರಿಂದ ಈ ಪಿಕಪ್ ಕೊಂಡು ತಂದರು. ಅದರ ಜೊತೆಗೆ ಬಂದಿದ್ದ ಮಿರಜದ ಡ್ರೈವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮ ಕಡೆಯ ಖಾರಕ್ಕೆ ಸೋತು ಹೊಟ್ಟೆ ಹಿಡಿದುಕೊಂಡು ವಾಪಸು ಹೋದ. ಹೋಗುವ ಮೊದಲು, ಸಾವಕಾರರ ಚಕ್ಕಡಿ ಹೊಡೆಯುತ್ತಿದ್ದ ಯಲ್ಲಾರಿಗೆ ಗಾಡಿ ನಡೆಸುವುದನ್ನು ಕಲಿಸಿದ. ಯಲ್ಲಾರಿ ಚೆನ್ನಾಗಿಯೇ ಕಲಿತ. ಆದರೆ ಬ್ರೇಕು ತುಳಿಯುವಾಗ ಬಾಯಲ್ಲಿ "ಹೋ ಹೋ" ಅನ್ನುವುದನ್ನು ಮಾತ್ರ ಬಿಡಲಿಲ್ಲ. ಗಾಡಿ ನಿಲ್ಲುವುದು ಕಾಲಿನಿಂದಲೋ ಬಾಯಿಯಿಂದಲೋ ಎಂಬುದನ್ನು ಬೇರೆ ಮಾಡಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಸಾಂಗಲಿಯ ಶೇಠರು ಶೋಕಿಯ ಮನುಷ್ಯರಿರಬೇಕು. ಡ್ರೈವರು ಕೂಡುವ ಕ್ಯಾಬಿನ್ನಿನ ಹಿಂದೆ, ಮಾಲು ಹೇರುವ ತೊಟ್ಟಿಯ ಮುಂದಿನ ಎರಡು ಮೂಲೆಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ದೀಪ ಹಾಕಿಸಿದ್ದರು. ತೊಟ್ಟಿಯ ಗೋಡೆಯ ಒಳಮೈಗೆ ಬೋಲ್ಟು ಹಾಕಿ ಕೂಡಿಸಿದ ಕಬ್ಬಿಣದ ಕಾಲಿನ ಮೇಲೆ ನಿಂತ ದೀಪ. ಹಿಂದಕ್ಕೂ ಮುಂದಕ್ಕೂ ಕಿತ್ತಳೆ ಬಣ್ಣದ ಗಾಜು. ಸ್ಟೇರಿಂಗಿನ ಹತ್ತಿರದ ಕಡ್ಡಿಯನ್ನು ಬಲಕ್ಕೆ ತಿರುವಿದರೆ ಬಲದ್ದು, ಎಡಕ್ಕೆ ತಿರುವಿದರೆ ಎಡದ್ದು ಹತ್ತಿ ಆರಿ ಹತ್ತಿ ಆರಿ ಕಣ್ಣು ಹೊಡೆಯುತ್ತಿತ್ತು. ಒಳಗೆ ಒಂದು ಡಬ್ಬಿ ಟಿಕ್ ಟಿಕ್ ಅನ್ನುತ್ತಿತ್ತು. ಆಗಿನ ಕಾಲದಲ್ಲಿ ಗೋಕಾಕ ಸೀಮೆಯ ಲಾರಿಯವರೆಲ್ಲ ಕಿಟಕಿಯಿಂದ ಕೈ ಚಾಚಿ ತಿರುಗುವವರು. ಅಂಥವರ ನಡುವೆ ಯಲ್ಲಾರಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗುತ್ತಿದ್ದ. ಮಹಾರಾಜರು ಕೂಡ ಚಾಮರ ಬೀಸಿಸಿಕೊಳ್ಳುವಾಗ ಇಷ್ಟು ಗಂಭೀರವಾಗಿ ಕೂತಿರಲಿಕ್ಕಿಲ್ಲ.

ಈ ದೀಪಗಳಿಗೆ ಇನ್ನೊಂದು ಉದ್ಯೋಗವೂ ಬಂದು ಸೇರಿಕೊಂಡಿತ್ತು. ಮೇಲವಂಕಿ ದಾಟಿದ ಮೇಲೆ, ಗಾಣದ ಮನೆಗಳಿಂದ ಬರುವ ಮಣ್ಣಿನ ಹಾದಿ ದೊಡ್ಡ ರಸ್ತೆಗೆ ಕೂಡುತ್ತದೆ. ಬಲಕ್ಕೆ ಹೋದರೆ ಗೋಕಾಕ, ಎಡಕ್ಕೆ ಹೋದರೆ ಮೂಡಲಗಿ. ಬೆಲ್ಲದ ದಪ್ಪ ಉಂಡೆಗಳಾದ ಪೆಂಟೆಗಳು ಒಂದು ದಿನ ಗೋಕಾಕದ ಪೇಟೆಗೆ ಹೋದರೆ ಇನ್ನೊಂದು ದಿನ ಸಾವಕಾರರ ಮೂಡಲಗಿಯ ಅಂಗಡಿಗೆ. ಯಾವ ದಿನ ಎಲ್ಲಿಗೆ ಎಂಬುದು ಸಾವಕಾರರ ಮರ್ಜಿ. ಆ ಕೂಡುರಸ್ತೆಯ ಸುತ್ತಲಿನ ಹೊಲದಲ್ಲಿ ಕೆಲಸ ಮಾಡುವವರು ದೂರದಿಂದಲೇ ದೀಪ ನೋಡುತ್ತಿದ್ದರು. ಬಲದ ದೀಪ ಕಣ್ಣು ಹೊಡೆದರೆ ಗೋಕಾಕಕ್ಕೆ ಹೋಗುವವರು ಬುಟ್ಟಿ ಹೊತ್ತು ಓಡಿ ಬರುತ್ತಿದ್ದರು. ಎಡದ್ದು ಹೊಡೆದರೆ ಮೂಡಲಗಿಯವರು. ಉಳಿದವರು ತಲೆ ಎತ್ತದೆ ಕಳೆ ಕೀಳುತ್ತಿದ್ದರು. ಹೀಗೆ ಆ ಸೀಮೆಯ ಜನರನ್ನು ಎರಡು ದಿಕ್ಕಿಗೆ ವಿಂಗಡಿಸುವ ಭಾರ ಯಲ್ಲಾರಿಯ ಎರಡು ಬೆರಳುಗಳ ಮೇಲೆ ನಿಂತಿತ್ತು.

ಇಂಥ ಸಾಮ್ರಾಜ್ಯಕ್ಕೆ ಗ್ರಹಣ ಹಿಡಿದದ್ದು ಖಂಡೆ ಪೂಜೆಯ ದಿನ.

ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಈ ಹಬ್ಬಕ್ಕೆ ಬೇರೆಯವರು ಕುಡಗೋಲಿಗೆ, ನೇಗಿಲಿಗೆ ಕುಂಕುಮ ಹಚ್ಚಿ ಕೈಮುಗಿದು ಹೋಳಿಗೆ ಉಣ್ಣುತ್ತಾರೆ. ಯಲ್ಲಾರಿಗೆ ಅಷ್ಟು ಸಾಲಲಿಲ್ಲ. ದೇವಿಯ ಭಂಡಾರದಂಥ ಅರಿಸಿನ ಬಣ್ಣದ ಎಣ್ಣೆಬಣ್ಣ ತಂದು, ಗಾಡಿಯ ತೊಟ್ಟಿಯ ಗೋಡೆಗಳಿಗೆ ಒಳಗೂ ಹೊರಗೂ ಬಳಿದ. ಬೆಲ್ಲ ಇಡುವ ತಳಕ್ಕೆ ಮಾತ್ರ ಬಳಿಯಲಿಲ್ಲ. ಪೆಂಟೆಗಳು ಜಾರಿ ಜಾರಿ ಬೆಳ್ಳಗೆ ಹೊಳೆಯುತ್ತಿದ್ದ ಆ ಕಬ್ಬಿಣದ ಮೇಲೆ ಯಾವ ಬಣ್ಣವೂ ನಿಲ್ಲುತ್ತಿರಲಿಲ್ಲ. ದೀಪಗಳ ಕಾಲುಗಳನ್ನು ಬಿಚ್ಚಿ, ಅವುಗಳ ಹಿಂದಿನ ಜಾಗಕ್ಕೂ ಎರಡು ಕೈ ಬಣ್ಣ ಕೊಟ್ಟ. ಒಣಗಿದ ಮೇಲೆ ದೀಪ ಕೂಡಿಸಲು ಹೋದರೆ ಅವನ ಮನಸ್ಸು ಒಪ್ಪಲಿಲ್ಲ. ಕಬ್ಬಿಣದ ಕಾಲು ಹೊಸ ಬಣ್ಣವನ್ನು ಕೆರೆಯುತ್ತದೆ. ಅದೂ ಹಬ್ಬದ ದಿನ, ಆಯುಧಕ್ಕೆ ಗಾಯ ಮಾಡಬಾರದ ದಿನ. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪ್ರತಿಯೊಂದು ಕಾಲಿನ ಕೆಳಗೆ ಒಂದೊಂದು ಮೆತ್ತೆ ಹಾಸಿದ. ಬೋಲ್ಟುಗಳಿಗೂ ಅದೇ ರಬ್ಬರಿನ ಅಂಗಿ ತೊಡಿಸಿದ. ನಂತರ ಹೂ ಹಾಕಿ, ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದು, ಗಾಡಿ ಹತ್ತಿ ಕೂತು ಕಡ್ಡಿ ತಿರುವಿದ.

ದೀಪ ಹತ್ತಲಿಲ್ಲ. ಎಡಕ್ಕೆ ತಿರುವಿದ, ಅದೂ ಹತ್ತಲಿಲ್ಲ. ಡಬ್ಬಿ ಟಿಕ್ ಅನ್ನಲಿಲ್ಲ. ಯಲ್ಲಾರಿ ಇಳಿದು ಬಂದು ಇನ್ನೊಂದು ಕಾಯಿ ಒಡೆದ. ಪೂಜೆಯಲ್ಲಿ ಏನೋ ಕಡಿಮೆಯಾಗಿರಬೇಕು ಎಂದುಕೊಂಡನೇ ಹೊರತು ಹೆಚ್ಚಾಗಿದೆ ಎಂದು ಅವನಿಗೆ ಹೇಗೆ ಹೊಳೆಯಬೇಕು?

ಮರುದಿನದಿಂದ ಕೂಡುರಸ್ತೆಯಲ್ಲಿ ಪ್ರಳಯ. ಯಾವ ದೀಪವೂ ಹತ್ತದ ಗಾಡಿ ಬಂದಾಗ ಎರಡೂ ಕಡೆಯವರು ಓಡಿ ಬಂದರು, ಎರಡೂ ಕಡೆಯವರು ಹತ್ತಿದರು. ಮೂಡಲಗಿಗೆ ಮೆಣಸಿನಕಾಯಿ ಒಯ್ಯಬೇಕಾದವರು ಗೋಕಾಕದಲ್ಲಿ ಇಳಿದು ಯಲ್ಲಾರಿಯ ವಂಶಾವಳಿ ಓದಿದರು. ಇನ್ನೊಂದು ದಿನ ಯಲ್ಲಾರಿ ಬೇರೆ ಡ್ರೈವರುಗಳ ಹಾಗೆ ಕಿಟಕಿಯಿಂದ ಕೈ ಚಾಚಿ ತೋರಿಸಿದ. ಹೊಲದಲ್ಲಿದ್ದವರು ತಮ್ಮನ್ನೇ ಮಾತಾಡಿಸುತ್ತಿದ್ದಾನೆಂದು ತಿಳಿದು, ತಾವೂ ಕೈ ಎತ್ತಿ ಆಡಿಸಿ, ಮತ್ತೆ ಕಳೆ ಕೀಳಲು ಬಗ್ಗಿದರು.

ಯಲ್ಲಾರಿ ಗಾಡಿಯನ್ನು ಗೋಕಾಕದ ರಾಜಪ್ಪನ ಹತ್ತಿರ ಒಯ್ದ. ರಾಜಪ್ಪ ಸೈಕಲ್ಲು, ಗ್ಯಾಸ್‌ಬತ್ತಿ, ಪಂಪು, ಮೋಟಾರು ಎಲ್ಲವನ್ನೂ ರಿಪೇರಿ ಮಾಡುವವನು. ಬಿಚ್ಚುವುದರಲ್ಲಿ ಅವನ ಕೈ ಬಹಳ ಚುರುಕು. ಬಲ್ಬು ಬಿಚ್ಚಿ ಬ್ಯಾಟರಿಗೆ ಹಚ್ಚಿ ನೋಡಿದ; ಹತ್ತಿತು. ಬಲ್ಬಿನ ತಪ್ಪಿಲ್ಲ. ಫ್ಯೂಸು ನೋಡಿದ, ನೆಟ್ಟಗಿತ್ತು. ವೈರಿನ ತುದಿಯನ್ನು ತೊಟ್ಟಿಯ ತಳಕ್ಕೆ ಮುಟ್ಟಿಸಿದ. ಚಟ್ಟನೆ ಕಿಡಿ ಹಾರಿತು. ಕರೆಂಟು ಬರುತ್ತಿದೆ. ಟಿಕ್ ಟಿಕ್ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಅದರ ಮೇಲೂ ದೂರಿರಲಿಲ್ಲ. ಕೊನೆಗೆ ದೀಪವನ್ನೇ ಕಾಲಿನ ಸಮೇತ ಬಿಚ್ಚಿ ತಳದ ಮೇಲೆ ನಿಲ್ಲಿಸಿ ವೈರು ಹಚ್ಚಿದ. ದೀಪ ಟಿಕ್ ಟಿಕ್ ಎಂದು ಕಣ್ಣು ಹೊಡೆಯಿತು. ಯಲ್ಲಾರಿಯ ಕಣ್ಣಲ್ಲಿ ನೀರು ಬಂತು.

ರಾಜಪ್ಪ ದೀಪವನ್ನು ಮತ್ತೆ ಗೋಡೆಗೆ ಕೂಡಿಸಲು ಹೋದ. ಯಲ್ಲಾರಿ ಅವನ ಕೈ ಹಿಡಿದ. ಬಣ್ಣ ಹೊಸದು, ನಿನ್ನದು ಒರಟು ಕೈ, ಕೂಡಿಸುವ ಕೆಲಸ ನನಗೆ ಬಿಡು ಎಂದು ಹೇಳಿ, ತಾನೇ ಟ್ಯೂಬಿನ ಮೆತ್ತೆ ಹಾಸಿ, ಬೋಲ್ಟಿಗೆ ಅಂಗಿ ತೊಡಿಸಿ, ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ಮೆತ್ತಗೆ ಕೂಡಿಸಿದ. ದೀಪ ಆರಿತು.

ಬಿಚ್ಚಿದರೆ ಹತ್ತುತ್ತಿತ್ತು, ಕೂಡಿಸಿದರೆ ಆರುತ್ತಿತ್ತು. ಮತ್ತೆ ಬಿಚ್ಚಿದರು, ಹತ್ತಿತು. ಮತ್ತೆ ಯಲ್ಲಾರಿ ಕೂಡಿಸಿದ, ಆರಿತು. ಸಂಜೆಯ ಹೊತ್ತಿಗೆ ರಾಜಪ್ಪ ತನ್ನ ಮೇಲೂ ತನ್ನ ಗುರುವಿನ ಮೇಲೂ ನಂಬಿಕೆ ಕಳೆದುಕೊಂಡಿದ್ದ.

"ಯಲ್ಲಾರಿ, ಇದು ನನ್ನ ಪಾನಾ-ಇಕ್ಕಳದ ಕೆಲಸ ಅಲ್ಲಪಾ," ಎಂದ. "ಈ ದೀಪಕ್ಕ ಆ ಜಾಗಾ ಸೇರಿಲ್ಲ. ನೀ ಯಾರರ ತಿಳದವ್ರನ್ನ ಕೇಳು."

ಹೀಗೆ ವಿಜ್ಞಾನ ಕೈಬಿಟ್ಟಿದ್ದ ಹೊತ್ತಿನಲ್ಲಿ ಸಾವಂತ್ರೆವ್ವ ಬಂದಳು.

ಸಾವಂತ್ರೆವ್ವ ಮೇಲವಂಕಿಯವಳು. ಗೋಕಾಕ ಫಾಲ್ಸಿನ ಗಿರಣಿ ಕೆಲಸಗಾರರಿಗೆ ಮಜ್ಜಿಗೆ ಮಾರುವವಳು. ಮೈತುಂಬ ಗಟ್ಟಿಮುಟ್ಟು, ಬಾಯಿ ಅದಕ್ಕಿಂತ ಗಟ್ಟಿ. ಒಳಗೆ ಕಲಾಯಿ ಹಾಕಿಸಿದ ದೊಡ್ಡ ಹಿತ್ತಾಳೆ ಬಿಂದಿಗೆಯ ತುಂಬ ಮಜ್ಜಿಗೆ ಹೊತ್ತು ಬರುತ್ತಿದ್ದಳು. ಮನೆಗೆ ನೆಂಟರು ಬಂದಿದ್ದರಿಂದ ಹಬ್ಬದ ಮೇಲೆ ಕೆಲವು ದಿನ ವ್ಯಾಪಾರಕ್ಕೆ ಹೊರಟಿರಲಿಲ್ಲ. ಅಂದು ಪಿಕಪ್ ಹತ್ತಿ, ತನ್ನ ಎಂದಿನ ಜಾಗವಾದ ಬಲಮೂಲೆಯಲ್ಲಿ ಕೂತು, ಬಿಂದಿಗೆ ಹೊಯ್ದಾಡದಂತೆ ಅದನ್ನು ದೀಪದ ಕಾಲಿಗೆ ಒತ್ತಿ ಇಟ್ಟು, ಈ ಕಡೆಯಿಂದ ಒಂದು ಬೆಲ್ಲದ ಪೆಂಟೆಯ ಆಸರೆ ಕೊಟ್ಟಳು. ಕೂಡುರಸ್ತೆ ಬಂತು. ಯಲ್ಲಾರಿ ಹಳೆಯ ಚಟದಿಂದ, ಯಾವ ಆಸೆಯೂ ಇಲ್ಲದೆ, ಕಡ್ಡಿ ಬಲಕ್ಕೆ ತಿರುವಿದ.

ಟಿಕ್ ಟಿಕ್ ಟಿಕ್.

ಗೋಕಾಕದವರು ಹೊಲ ಬಿಟ್ಟು ಓಡಿ ಬಂದರು. ಯಲ್ಲಾರಿ ದಾರಿಯುದ್ದಕ್ಕೂ ಕಡ್ಡಿ ತೆಗೆಯಲೇ ಇಲ್ಲ. ನೆಟ್ಟನೆಯ ರಸ್ತೆಯಲ್ಲೂ ಬಲಕ್ಕೆ ಕಣ್ಣು ಹೊಡೆಯುತ್ತಲೇ ಹೋದ. ಫಾಲ್ಸಿನಲ್ಲಿ ಸಾವಂತ್ರೆವ್ವ ಬಿಂದಿಗೆ ಎತ್ತಿಕೊಂಡು ಇಳಿದಳು. ದೀಪ ಆರಿತು. ಮರುದಿನ ಅವಳು ಹತ್ತಿದಳು, ಹತ್ತಿತು, ಇಳಿದಳು, ಆರಿತು. ಅವಳು ಬಾರದ ದಿನ ದೀಪವೂ ರಜೆ. ಕೂಡುರಸ್ತೆಯವರೂ ಇದನ್ನು ಕಂಡುಕೊಂಡು, ಮೊದಲು ಗಾಡಿಯಲ್ಲಿ ಅವಳನ್ನು ಹುಡುಕಿ ಆಮೇಲೆ ದೀಪ ನೋಡತೊಡಗಿದರು. ಅವಳು ಮೂಡಲಗಿಗೆ ಬಂದ ದಿನ ಎಡದ ದೀಪ ಮಾತ್ರ ಮಿಸುಕಲಿಲ್ಲ. ಬಲದ್ದಷ್ಟೇ ಅವಳ ಮಾತು ಕೇಳುತ್ತಿತ್ತು.

ಯಲ್ಲಾರಿಗೆ ಮೊದಲು ತಲೆ ಕೆಟ್ಟಿತು, ಆಮೇಲೆ ಭಕ್ತಿ ಬಂತು. ದೇವರ ಮುಂದೆ ಹೂ ಕೇಳುವಾಗ ವರ ಬೀಳುವುದು ಬಲಗಡೆಯಿಂದಲೇ ಅಲ್ಲವೇ? ದೀಪಕ್ಕೂ ಅದೇ ನ್ಯಾಯ ಇರಬೇಕು. ಆದರೂ ಅವನು ಪರೀಕ್ಷೆ ಮಾಡದೆ ಬಿಡುವವನಲ್ಲ. ಮಜ್ಜಿಗೆಯವಳ ಭಾರದಿಂದ ಹತ್ತುತ್ತದೋ ಎಂದು ಅದೇ ಮೂಲೆಯಲ್ಲಿ ಎರಡು ಮೂಟೆ ಕಡಲೆ ಇಟ್ಟು ನೋಡಿದ. ಹೆಣ್ಣುಮಗಳೇ ಬೇಕೋ ಎಂದು ಹೆಂಡತಿ ಇಂದ್ರವ್ವನನ್ನು ಪುಸಲಾಯಿಸಿ ತಂದು, ಅಲ್ಲಿಯೇ, ಅದೇ ಭಂಗಿಯಲ್ಲಿ ಕೂಡಿಸಿದ. ಅತ್ತ ಸರಿ, ಇತ್ತ ಸರಿ, ಮೊಣಕಾಲು ಮಡಚು ಎಂದು ಹೇಳಿ ಹೇಳಿ ಕಡ್ಡಿ ತಿರುವಿದ. ಏನೂ ಆಗಲಿಲ್ಲ. ಏನು ಪರೀಕ್ಷೆ ಎಂದು ಇಂದ್ರವ್ವ ಕೇಳಿದಾಗ, ಈ ಮುಗ್ಧ ಇದ್ದದ್ದನ್ನು ಇದ್ದಹಾಗೆ ಹೇಳಿದ.

ಇಂದ್ರವ್ವ ಸೆರಗು ಕೊಡವಿಕೊಂಡು ಇಳಿದಳು.

"ಅಕಿ ಕುಂತ್ರ ಹತ್ತತೈತಿ, ನಾ ಕುಂತ್ರ ಹತ್ತೂದಿಲ್ಲ," ಎಂದಳು. "ಇದಕ್ಕ ನಾ ಏನ ತಿಳಕೋಬೇಕ್ರಿ?"

ಅಂದು ಯಲ್ಲಾರಿಗೆ ರೊಟ್ಟಿ ಸಿಕ್ಕಿತು, ಪಲ್ಯ ಸಿಗಲಿಲ್ಲ.

ಇದಿಷ್ಟೇ ಆಗಿದ್ದರೆ ಬರೀ ರೊಟ್ಟಿ ತಿಂದುಕೊಂಡು ಕಾಲ ಕಳೆಯಬಹುದಿತ್ತು. ಆದರೆ ಹುಕ್ಕೇರಿಯಲ್ಲಿ ಗಾಡಿಗಳ ಪಾಸಿಂಗ್ ಇಟ್ಟರು. ಸಾಹೇಬರು ಬಂದು ಗಾಡಿಗಳನ್ನು ಪರೀಕ್ಷೆ ಮಾಡಿ, ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ಸಿಕ್ಕೆ ಹೊಡೆದು ಕೊಡುವ ದಿನ ಅದು. ಮೊದಲು ಮುಂಬಯಿ ಸರಕಾರದ ಸಾಹೇಬರು ಬರುತ್ತಿದ್ದರು. ಅವರ ಸಿಟ್ಟು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಈಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹೊಸ ಸಾಹೇಬರು ದೂರದ ದಕ್ಷಿಣದಿಂದ ಬಂದವರು. ಗಾಡಿಯ ಕಾಗದದಲ್ಲಿ ಏನೇನು ಬರೆದಿದೆಯೋ ಅದೆಲ್ಲ ನಡೆಯಲೇಬೇಕು ಅನ್ನುತ್ತಾರಂತೆ ಎಂದು ಸುದ್ದಿ ಹಬ್ಬಿತ್ತು. ಸಾಂಗಲಿಯ ಶೋಕಿ ಶೇಠರು ದೀಪಗಳನ್ನೂ ಕಾಗದದಲ್ಲಿ ಬರೆಸಿದ್ದರು.

ಆದಿನಾಥ ಸಾವಕಾರರು ಸಿಟ್ಟಿನವರಲ್ಲ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಸಜ್ಜನರು. ಆದರೆ ಲೆಕ್ಕ ತಪ್ಪುವ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವವರೂ ಅಲ್ಲ. ಯಲ್ಲಾರಿಯನ್ನು ಅಂಗಡಿಗೆ ಕರೆದು, ಗದ್ದಿಗೆಯ ಮೇಲೆ ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು.

"ನೋಡ ಯಲ್ಲಾರಿ, ಗಾಡಿ ಪಾಸಾತು, ಛಲೋ ಆತು. ಆಗಲಿಲ್ಲ, ಅಲ್ಲೇ ಬಾಜೂಕ ಸಂಕೇಶ್ವರದಾಗ ಕೇಳಾವರ ಅದಾರ, ಕೊಟ್ಟ ಬಿಡೂನು. ಚಕ್ಕಡಿ ಅಂತೂ ಮನ್ಯಾಗ ಐತಿ."

ಚಕ್ಕಡಿ ಮನೆಯಲ್ಲಿತ್ತು. ಎತ್ತುಗಳೂ ಇದ್ದವು. ಅವುಗಳ ಬಾಲಗಳೂ ಇದ್ದವು. ಯಲ್ಲಾರಿಗೆ ಅವು ಅಲ್ಲಿಂದಲೇ ಕಾಣಿಸತೊಡಗಿದವು. ಸ್ಟೇರಿಂಗು ಹಿಡಿದ ಕೈ ಮತ್ತೆ ಬಾರುಕೋಲು ಹಿಡಿಯುವುದೇ? ಕೂಡುರಸ್ತೆಯ ಜನ ಬುಟ್ಟಿ ಇಳಿಸಿ ನೋಡುತ್ತ ನಿಂತಿರುವಾಗ ಅವರ ಮುಂದೆ "ಹೋ ಹೋ" ಎನ್ನುತ್ತ ಎತ್ತುಗಳ ಹಿಂದೆ ಹೋಗುವುದೇ? ದೀಪ ಕಿತ್ತು ಮನೆಯಲ್ಲಿಟ್ಟು ಹೋಗೋಣವೆಂದರೆ ಕಾಗದದಲ್ಲಿ ಅವುಗಳ ಹೆಸರಿದೆ. ಇನ್ನು ಉಳಿದದ್ದು ಒಂದೇ ದಾರಿ.

ಅವನು ಸೀದಾ ಮೇಲವಂಕಿಗೆ ಹೋಗಿ ಸಾವಂತ್ರೆವ್ವನ ಕಟ್ಟೆಯ ಮೇಲೆ ಕೂತ. ಸಾವಂತ್ರೆವ್ವ ಮಜ್ಜಿಗೆ ಕಡೆಯುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳಿಗೆ ಅರ್ಧ ತಿಳಿಯಿತು, ಉಳಿದರ್ಧ ಅವನಿಗೇ ತಿಳಿದಿರಲಿಲ್ಲ.

"ಅಂದ್ರ ನಾ ಕುಂತ್ರ ನಿನ್ನ ದೀಪಾ ಹತ್ತತೈತಿ?"

"ಹೌದ ಯಕ್ಕಾ. ನೀ ಬಂದು ಸುಮ್ನ ಕುಂದ್ರು. ಮಾತಾಡೂದು ಬ್ಯಾಡ."

"ಮಾತಾಡದ ಕುಂದ್ರೂದು ನನ್ನ ಕೈಲೆ ಆಗಾಂಗಿಲ್ಲ ತಮ್ಮಾ," ಎಂದಳು ಸಾವಂತ್ರೆವ್ವ. "ಬರೀ ಕುಂದ್ರಾಕ ಹುಕ್ಕೇರಿ ತನಕಾ ಯಾಕ ಬರ್ಲಿ? ಅಷ್ಟ ಗಾಡಿ, ಅಷ್ಟ ಡ್ರೈವರ್ರು ಬಿಸಲಾಗ ನಿಂತಿರ್ತಾರ. ಮಜ್ಜಿಗಿ ತಗೊಂಡ ಬರ್ತೇನಿ."

ಮಜ್ಜಿಗೆ ಬೇಡ, ಸಾಹೇಬರ ಮುಂದೆ ಬಿಂದಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಯಲ್ಲಾರಿ ಬಹಳ ಕೇಳಿಕೊಂಡ. ಅವಳು ಒಪ್ಪಲಿಲ್ಲ. ಒಪ್ಪಿದ್ದರೆ ಅವನ ಗತಿ ಏನಾಗುತ್ತಿತ್ತೋ!

ಹುಕ್ಕೇರಿಯ ಪ್ರವಾಸಿ ಬಂಗಲೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಗಾಡಿಗಳ ಸಾಲು ನಿಂತಿತ್ತು. ಕಣಗಲೆಯ ಲಾರಿಗಳು, ಘಟಪ್ರಭೆಯ ಬಸ್ಸು, ಯಾರದೋ ಜೀಪು. ಯಲ್ಲಾರಿಯ ಸರತಿ ಬರುವಷ್ಟರಲ್ಲಿ ಸಾವಂತ್ರೆವ್ವ ಇದ್ದ ಜಾಗದಿಂದಲೇ ಅರ್ಧ ಬಿಂದಿಗೆ ಮಜ್ಜಿಗೆ ಮಾರಿ ಮುಗಿಸಿದ್ದಳು. ಸಾಹೇಬರು ಬಂದರು. ತೆಳ್ಳನೆಯ ಮನುಷ್ಯ, ಬಿಳಿ ಪ್ಯಾಂಟು, ತಲೆಗೆ ಟೋಪಿ. ಬ್ರೇಕು ತುಳಿಸಿದರು, ಯಲ್ಲಾರಿ "ಹೋ ಹೋ" ಎಂದ, ಗಾಡಿ ನಿಂತಿತು. ಸಾಹೇಬರು ಒಮ್ಮೆ ಅವನ ಮುಖ ನೋಡಿದರು. ಹಾರ್ನು ಹೊಡೆಸಿದರು. ದೊಡ್ಡ ದೀಪ ಹಾಕಿಸಿದರು. ಆಮೇಲೆ ಕಾಗದ ನೋಡಿ ಬಲದ ಸಿಗ್ನಲ್ ಕೇಳಿದರು. ಹತ್ತಿತು. ಎಡದ್ದು ಕೇಳಿದರು.

ಎಡದ ದೀಪ ಸುಮ್ಮನಿತ್ತು. ಬಲದ ಒಂದೇ ದೀಪಕ್ಕೆ ವರ ಸಿಕ್ಕರೆ ಸಾಲುವುದಿಲ್ಲ ಎಂಬುದನ್ನು ಯಲ್ಲಾರಿ ದಾರಿಯುದ್ದಕ್ಕೂ ಮರೆತೇ ಬಿಟ್ಟಿದ್ದ. ಅವನು ಕ್ಯಾಬಿನ್ನಿನ ಹಿಂದಿನ ಕಿಂಡಿಯಲ್ಲಿ ಬಾಯಿ ಇಟ್ಟು, ಯಕ್ಕಾ, ಎಡಕ್ಕೆ ಸರಿ ಎಂದು ಪಿಸುಗುಟ್ಟಿದ. ಸಾವಂತ್ರೆವ್ವ ಎದ್ದು, ಬಿಂದಿಗೆ ಎತ್ತಿ, ಎಡಮೂಲೆಗೆ ಹೋಗಿ, ಅದನ್ನು ಆ ದೀಪದ ಕಾಲಿಗೆ ಒತ್ತಿ ಕೂತಳು. ಎಡದ ದೀಪ ಕಣ್ಣು ಹೊಡೆಯಿತು.

ಸಾಹೇಬರು ತಲೆ ಆಡಿಸಿದರು. ಯಾತಕ್ಕೋ ಅನುಮಾನ ಬಂದು ಮತ್ತೆ ಬಲದ್ದು ಹಾಕು ಎಂದರು. ಬಲದ್ದು ಆರಿತ್ತು. ಯಲ್ಲಾರಿ ಮತ್ತೆ ಕಿಂಡಿಗೆ ಬಾಯಿ ಇಟ್ಟ. ಸಾವಂತ್ರೆವ್ವ ಬಲಕ್ಕೆ ಬಂದಳು. ಎಡದ್ದು ಹಾಕು ಎಂದರು. ಸಾವಂತ್ರೆವ್ವ ಎಡಕ್ಕೆ ಹೋದಳು. ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ತಮ್ಮ ಗಾಡಿ ಬಿಟ್ಟು ಸುತ್ತ ನೆರೆದರು. ಅವಳ ಮುಖ ಮಜ್ಜಿಗೆಗಿಂತ ಹುಳಿಯಾಗುತ್ತ ಬಂದಿತ್ತು.

"ಏನಮ್ಮಾ, ನೀವ್ಯಾಕೆ ಹೀಗೆ ಓಡಾಡ್ತಾ ಇದ್ದೀರಿ?" ಎಂದು ಸಾಹೇಬರು ಕೇಳಿದರು.

"ನನಗೇನ ಗೊತ್ರಿ ಸಾಹೇಬ್ರ," ಎಂದಳು ಸಾವಂತ್ರೆವ್ವ. "ನೀವು ಬಲಕ್ಕಂದ್ರ ಬಲಕ್ಕ, ಎಡಕ್ಕಂದ್ರ ಎಡಕ್ಕ. ಈ ವಯಸ್ಸಿನ್ಯಾಗ ನನಗ ಇಷ್ಟ ಯಾರೂ ಆಡಿಸಿರ್ಲಿಲ್ಲ ನೋಡ್ರಿ. ಹಿಡೀರಿ ನಿಮ್ಮ ಗಾಡಿ."

ಹಾಗೆಂದವಳೇ ಬಿಂದಿಗೆಯನ್ನು ಎಡಮೂಲೆಯಲ್ಲೇ ಬಿಟ್ಟು, ಸೀರೆ ಎತ್ತಿ ಹಿಡಿದು ಕೆಳಗಿಳಿದು, ಬೇವಿನ ಗಿಡದ ಬುಡಕ್ಕೆ ಹೋಗಿ ಕೂತುಬಿಟ್ಟಳು.

ಯಲ್ಲಾರಿ ಕಣ್ಣು ಮುಚ್ಚಿಕೊಂಡ. ಕತ್ತಲೆಯಲ್ಲಿ ಎತ್ತುಗಳ ಎರಡು ಬಾಲಗಳು ಸ್ಪಷ್ಟವಾಗಿ ಕಂಡವು. ಆದರೆ ಕಿವಿಯಲ್ಲಿ ಟಿಕ್ ಟಿಕ್ ನಿಲ್ಲಲಿಲ್ಲ. ಕಣ್ಣು ತೆರೆದ. ಸಾವಂತ್ರೆವ್ವ ಗಿಡದ ಕೆಳಗಿದ್ದಳು. ಎಡದ ದೀಪ ಅವಳಿಲ್ಲದೆಯೇ ಹತ್ತಿ ಆರಿ ಹತ್ತಿ ಆರಿ ನಡೆದಿತ್ತು. ಇಷ್ಟು ದಿನದ ಅವನ ಭಕ್ತಿಯೆಲ್ಲ ಒಂದು ಕ್ಷಣದಲ್ಲಿ ನೆಲೆ ಕಳೆದುಕೊಂಡಿತು. ಅವಳು ಇಳಿದರೂ ಹತ್ತುವುದಾದರೆ ದೀಪ ಹತ್ತಿಸುತ್ತಿದ್ದದ್ದು ಯಾರು?

ಅವನು ಹಿಂದಕ್ಕೆ ಬಂದು ತೊಟ್ಟಿಯೊಳಗೆ ಇಣುಕಿದ. ಒಂಟಿ ಬಿಂದಿಗೆ ದೀಪದ ಕಾಲಿಗೆ ಕೊರಳು ಆನಿಸಿ ಕೂತಿತ್ತು. ಅವನು ಅದನ್ನು ಒಂದಿಷ್ಟು ಈಚೆಗೆ ಸರಿಸಿದ, ದೀಪ ಆರಿತು. ಆಚೆಗೆ ಒತ್ತಿದ, ಹತ್ತಿತು. ಸರಿಸಿದ, ಒತ್ತಿದ. ತಾನು ಕೈಮುಗಿಯಬೇಕಾದದ್ದು ಬಿಂದಿಗೆಗೋ ಮಜ್ಜಿಗೆಗೋ ತಿಳಿಯದೆ ಅವನು ಹಾಗೇ ನಿಂತ.

ಸಾಹೇಬರು ಪ್ಯಾಂಟು ಮೇಲೆತ್ತಿ ಗಾಡಿ ಹತ್ತಿದರು. ಅವರೂ ಒಮ್ಮೆ ಬಿಂದಿಗೆ ಸರಿಸಿ ನೋಡಿದರು. ಆಮೇಲೆ ಮಂಡಿ ಊರಿ, ದೀಪದ ಕಾಲಿನ ಸಂದಿಯಿಂದ ಕಪ್ಪಗೆ ಇಣುಕುತ್ತಿದ್ದ ರಬ್ಬರಿನ ತುದಿಯನ್ನು ಬೆರಳಿನಿಂದ ಎಳೆದರು.

"ಇದನ್ನ ಯಾರಯ್ಯಾ ಹಾಕಿದ್ದು?"

"ನಾನ ರೀ ಸಾಹೇಬ್ರ," ಎಂದ ಯಲ್ಲಾರಿ. ಇಂಥ ಕೆಲಸವನ್ನು ಕೊನೆಗೂ ಒಬ್ಬರು ಗಮನಿಸಿದರಲ್ಲ ಎಂದು ಅವನ ಎದೆ ಉಬ್ಬಿತ್ತು. "ಬಣ್ಣಾ ಕೆರೀಬಾರದಂತ. ಬೋಲ್ಟಿಗೂ ಹಾಕೇನ್ರಿ."

ಸಾಹೇಬರು ಬಹಳ ಹೊತ್ತು ನಕ್ಕರು. ನಕ್ಕಾದ ಮೇಲೆ ತಮ್ಮ ಕಡೆಯ ಕನ್ನಡದಲ್ಲಿ ತಿಳಿಸಿ ಹೇಳಿದರು: ಕರೆಂಟು ವೈರಿನಲ್ಲಿ ದೀಪಕ್ಕೆ ಬರುತ್ತದೆ, ಬಂದ ಮೇಲೆ ಗಾಡಿಯ ಕಬ್ಬಿಣದ ಮೈಯಿಂದಲೇ ಬ್ಯಾಟರಿಗೆ ವಾಪಸು ಹೋಗಬೇಕು, ವಾಪಸು ಹೋಗಲು ದಾರಿ ಇಲ್ಲದಿದ್ದರೆ ಅದು ಬರುವುದೂ ಇಲ್ಲ. ಯಲ್ಲಾರಿ ಬಣ್ಣದಿಂದಲೂ ರಬ್ಬರಿನಿಂದಲೂ ಆ ಬಾಗಿಲು ಮುಚ್ಚಿದ್ದ. ಹಿತ್ತಾಳೆ ಬಿಂದಿಗೆ ಒಂದು ಕಡೆ ದೀಪದ ಕಾಲನ್ನೂ ಇನ್ನೊಂದು ಕಡೆ ಬೋಳು ತಳವನ್ನೂ ಮುಟ್ಟಿ ಅದನ್ನು ತೆರೆಯುತ್ತಿತ್ತು. ಸಾಹೇಬರು ಚಹಾ ಕುಡಿದು ಬರುವಷ್ಟರಲ್ಲಿ ಸರಿ ಮಾಡಿದರೆ ಸಿಕ್ಕೆ, ಇಲ್ಲವಾದರೆ ಇಲ್ಲ. ಇಷ್ಟು ಹೇಳಿ ಬಂಗಲೆಯೊಳಗೆ ಹೋದರು.

ಯಲ್ಲಾರಿಗೆ ಎಲ್ಲವೂ ತಿಳಿದಂತಾಯಿತು, ಏನೂ ತಿಳಿಯದಂತೆಯೂ ಆಯಿತು. ಬಂದದ್ದು ಹೊರಳಿ ಹೋಗಬೇಕೆಂದರೆ ಬರುವುದಾದರೂ ಯಾಕೆ? ಆದರೆ ವಿಚಾರ ಮಾಡುವ ಹೊತ್ತಲ್ಲ ಅದು. ರಬ್ಬರು ಕಿತ್ತು ಎಸೆದ. ಕೆಳಗೆ ಎರಡು ಕೈ ಬಳಿದ ಭಂಡಾರದ ಬಣ್ಣ ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಯಾರೋ ಲಾರಿಯವನು ಕಬ್ಬಿಣ ಉಜ್ಜುವ ಕಾನಸು ತಂದುಕೊಟ್ಟ. ಯಲ್ಲಾರಿ ಅದನ್ನು ಬಣ್ಣದ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಕೈ ಮುಂದೆ ಹೋಗಲಿಲ್ಲ.

ಸಾವಂತ್ರೆವ್ವ ಗಿಡದ ಕೆಳಗಿನಿಂದ ಇದನ್ನು ನೋಡುತ್ತಿದ್ದಳು. ಎದ್ದು ಬಂದಳು. ಅವನನ್ನು ಬದಿಗೆ ನೂಕಿ, ಮಜ್ಜಿಗೆ ಹಾಕುವ ಕಬ್ಬಿಣದ ಸೌಟು ತಿರುವಿ ಹಿಡಿದು, ಅದರ ಹಿಡಿಕೆಯಿಂದ ಕರಕರ ಕೆರೆಯತೊಡಗಿದಳು.

"ಸಾವಕಾಶ ಯಕ್ಕಾ," ಎಂದ ಯಲ್ಲಾರಿ, ತನ್ನ ಬೆನ್ನನ್ನೇ ಕೆರೆಯುತ್ತಿದ್ದಾರೋ ಎನ್ನುವಂತೆ ಮೈ ಮುದುಡಿಕೊಂಡು.

"ಬಣ್ಣಾ ಬೇಕೋ, ಗಾಡಿ ಬೇಕೋ?"

ಅವನು ಬೋಲ್ಟುಗಳ ಅಂಗಿ ಕಳಚಿದ. ಕೆರೆದ ಜಾಗದಲ್ಲಿ ಕಬ್ಬಿಣ ಬೆಳ್ಳಗೆ ಬಾಯಿ ತೆರೆಯಿತು. ಬೆತ್ತಲೆ ಬೋಲ್ಟು ಹಾಕಿ ಬಿಗಿ ಮಾಡಿದ. ಇನ್ನೊಂದು ಕಡೆಯೂ ಹಾಗೇ ಆಯಿತು. ಸಾಹೇಬರು ಹೊರಗೆ ಬಂದಾಗ ಸಾವಂತ್ರೆವ್ವ ನೆಲದ ಮೇಲಿದ್ದಳು, ಬಿಂದಿಗೆ ಅವಳ ಸೊಂಟದ ಮೇಲಿತ್ತು, ಎಡ ಬಲ ಎರಡೂ ದೀಪಗಳು ಕೇಳಿದಾಗಲೆಲ್ಲ ಕಣ್ಣು ಹೊಡೆದವು. ಸಾಹೇಬರು ಸಿಕ್ಕೆ ಹೊಡೆದು, ಒಂದು ಲೋಟ ಮಜ್ಜಿಗೆ ಕುಡಿದು, ಮುಂದಿನ ಗಾಡಿಗೆ ಹೋದರು. ಬಾಲಗಳು ಮಾಯವಾದವು.

ಇಲ್ಲಿಗೆ ಯಲ್ಲಾರಿಯ ಕಷ್ಟ ಮುಗಿಯಬೇಕಿತ್ತು. ಆದರೆ ಕೂಡುರಸ್ತೆಯಲ್ಲಿ ಸಾಹೇಬರ ಸಿಕ್ಕೆ ನಡೆಯುವುದಿಲ್ಲವಲ್ಲ. ಸಾವಂತ್ರೆವ್ವ ಇಲ್ಲದ ಒಂದು ದಿನ ಅವನು ರಾಜಗಾಂಭೀರ್ಯದಿಂದ ಬಂದು ಕಡ್ಡಿ ಬಲಕ್ಕೆ ತಿರುವಿದ. ದೀಪ ಎಂದಿಗಿಂತ ಜೋರಾಗಿ ಕಣ್ಣು ಹೊಡೆಯಿತು. ಒಬ್ಬರೂ ಓಡಿ ಬರಲಿಲ್ಲ. ಯಲ್ಲಾರಿ ಗಾಡಿ ನಿಲ್ಲಿಸಿ, ಹೊಲದ ಬದುವಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಶೆಟ್ಟೆವ್ವನನ್ನು, ಗೋಕಾಕಕ್ಕೆ ಬರುವುದಿಲ್ಲವೇ ಎಂದು ಕೇಳಿದ.

"ಬರಾಕೇನ ಬರ್ತಿದ್ದೆ," ಎಂದಳು ಶೆಟ್ಟೆವ್ವ. "ಸಾವಂತ್ರೆವ್ವ ಇಲ್ಲಲ್ಲಾ. ಅಕಿ ಇಲ್ಲದ ಹತ್ತೂ ದೀಪಾನ ಹೆಂಗ ನಂಬೂದು?"

ಯಲ್ಲಾರಿ ಇಳಿದು ನಿಂತು ಅವಳಿಗೆ ರಬ್ಬರು, ಬಣ್ಣ, ಕರೆಂಟು ವಾಪಸು ಹೋಗುವ ದಾರಿ ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿ, ಹೌದೇನು ಎಂದು ತಲೆದೂಗಿ, ಕೂತಲ್ಲಿಂದ ಏಳಲಿಲ್ಲ.

ಆಮೇಲೆ ಯಲ್ಲಾರಿ ಬಹಳ ವರ್ಷ ಆ ಪಿಕಪ್ ನಡೆಸಿದ. ಭಂಡಾರದ ಬಣ್ಣ ಮಾಸಿತು, ಸಾವಕಾರರ ಅಂಗಡಿ ದೊಡ್ಡದಾಯಿತು, ಇಂದ್ರವ್ವನ ಪಲ್ಯವೂ ತಿರುಗಿ ಬಂತು. ಬಲಮೂಲೆ ಮಾತ್ರ ಕಾಯಮ್ಮಾಗಿ ಸಾವಂತ್ರೆವ್ವನದಾಯಿತು. ಅಲ್ಲಿ ಬೇರೆಯವರು ಕೂತರೆ ಉಳಿದವರೇ ಏಳಿಸುತ್ತಿದ್ದರು. ಅವಳು ವ್ಯಾಪಾರಕ್ಕೆ ಹೊರಡದ ದಿನ ಯಲ್ಲಾರಿ ಬೆಳಿಗ್ಗೆ ಮೇಲವಂಕಿಯಲ್ಲಿ ಅವಳ ಮನೆ ಮುಂದೆ ಗಾಡಿ ನಿಲ್ಲಿಸಿ, ಒಳಗೆ ಹೋಗಿ, ಖಾಲಿ ಬಿಂದಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ತಿರುಗುವುದು ಬಲಕ್ಕಿದ್ದರೆ ಬಲಮೂಲೆಯಲ್ಲಿ, ಎಡಕ್ಕಿದ್ದರೆ ಎಡಮೂಲೆಯಲ್ಲಿ ಕೂಡಿಸುತ್ತಿದ್ದ. ಹಿತ್ತಾಳೆ ಬಿಸಿಲಿಗೆ ಹೊಳೆಯುವುದು ದೂರದಿಂದಲೇ ಕಾಣುತ್ತಿತ್ತು. ಹೊಲದವರು ಅದನ್ನು ನೋಡಿ ಬುಟ್ಟಿ ಹೊತ್ತು ಓಡಿ ಬರುತ್ತಿದ್ದರು. ಪಕ್ಕದಲ್ಲಿ ದೀಪ ತನ್ನ ಪಾಡಿಗೆ ತಾನು ಟಿಕ್ ಟಿಕ್ ಎಂದು ಕಣ್ಣು ಹೊಡೆಯುತ್ತಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ.